ಎರವಲು ಕಾವು

ಐದು ವರ್ಷದ ಯಾಮಿಲೆಯ ಎದೆ ಗೊರಗೊರ ಎನ್ನತೊಡಗಿದ್ದು ಅವಳ ಅಪ್ಪ ತೀರಿಕೊಂಡ ಚಳಿಗಾಲದಲ್ಲಿ. ಆ ಬೀದಿಯಲ್ಲಿ ಮಗುವಿನ ಎದೆ ಕಟ್ಟಿತೆಂದರೆ ಮಾಡುವ ಮೊದಲ ಕೆಲಸ ಒಂದೇ, ಎಲ್ಲರೂ ಗೌರವದಿಂದ ದೊನ್ಯಾ ಎನ್ನುವ ಕ್ರಿಸಂತಾಳ ಮನೆಗೆ ಹೋಗಿ ವಿರಿಂಗೊ ಕೇಳುವುದು.

ಕ್ರಿಸಂತಾಳ ಹಿತ್ತಿಲಲ್ಲಿ ವಿರಿಂಗೊಗಳು ಇಲ್ಲದ ಕಾಲವೇ ಇರಲಿಲ್ಲ. ಮೈಮೇಲೆ ಕೂದಲಿಲ್ಲದ, ಬೂದುಗಪ್ಪು ತೊಗಲಿನ ನಾಯಿಗಳು. ಮುಟ್ಟಿದರೆ ಆಗಷ್ಟೇ ಒಲೆಯಿಂದ ಇಳಿಸಿದ ಮಡಕೆಯ ಹಾಗೆ ಕಾವು. ಮಂಡಿ ಹಿಡಿದ ಮುದುಕರು, ಸೊಂಟ ಹಿಡಿದ ಮೀನುಗಾರರು, ಉಬ್ಬಸದ ಮಕ್ಕಳ ತಾಯಂದಿರು ಬಂದು ಒಂದೊಂದನ್ನು ಎರವಲು ಒಯ್ಯುತ್ತಿದ್ದರು. ಕ್ರಿಸಂತಾ ಇದಕ್ಕೆ ದುಡ್ಡು ಮುಟ್ಟಿದವಳಲ್ಲ. ಆದರೆ ಒಂದು ಕಟ್ಟಳೆ ಇತ್ತು. ಕಾಯಿಲೆ ವಾಸಿಯಾದ ಮೇಲೆ ನಾಯಿಗೆ ಹೊಸ ಉಣ್ಣೆಯಂಗಿ ಹೆಣೆದು ತೊಡಿಸಿ ಕಳಿಸಬೇಕು. ಹೊಸ ಅಂಗಿ ತೊಟ್ಟ ನಾಯಿ ಬೀದಿಯಲ್ಲಿ ಹಿಂದಿರುಗಿ ಬರುವಾಗ ಜನ ಬಾಗಿಲಿಗೆ ಬಂದು ನಿಂತು ಖುಷಿಪಡುತ್ತಿದ್ದರು. ಹಳೆಯ ಅಂಗಿಯಲ್ಲೇ ಬಂತೆಂದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಆ ಮನೆಗೆ ಕಾಫಿ ಕಾಸಿ ಒಯ್ಯುತ್ತಿದ್ದರು.

ಯಾಮಿಲೆಗೆ ಬಂದದ್ದು ಅಂಗೈಯಷ್ಟು ಹೆಣ್ಣು ಮರಿ. ಬೂದಿಯ ಬಣ್ಣ, ಹೆಸರೂ ಅದೇ, ಸೆನೀಸಾ. ಅದನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ತಂದವಳು ಅಜ್ಜಿ ಎರ್ಮೆಲಿಂದಾ.

"ನೋಡೇ, ಬಿಸಿನೀರಿನ ಚೀಲ ತಂದಿದೀನಿ. ನಾಲ್ಕು ಕಾಲಿಂದು."

ಮಗು ಮರಿಯನ್ನು ಎದೆಗೊತ್ತಿಕೊಂಡಿತು. "ನನ್ನ ಕೆಮ್ಮು ಏನಾಗುತ್ತೆ ಅಜ್ಜಿ?"

"ಇದರೊಳಗೆ ಹೋಗ್ಬಿಡುತ್ತೆ."

"ಆಮೇಲೆ ಇದು ಕೆಮ್ಮುತ್ತಾ?"

"ಇಲ್ಲ ಕಣೇ. ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಮೈ ಕೊಡವಿ ಬೀಳಿಸಿ ಬರುತ್ತೆ."

ಮಗುವಿನ ತಾಯಿ ಮಾರ್ಲೆನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತೆ ಅವಳನ್ನು ಕೇಳಿ ನಾಯಿ ತಂದಿರಲಿಲ್ಲ. ಆ ದಿನಗಳಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದರೆ ಅವಳು "ಹೂಂ" ಎನ್ನುತ್ತಿದ್ದಳು, ಅಷ್ಟೆ.

ಅವಳ ಗಂಡ ಎಲ್ಮೆರ್ ಮೀನಿನ ಬಂದರಿಗೆ ಐಸಿನ ಲಾರಿ ಓಡಿಸುತ್ತಿದ್ದ. ಸಮುದ್ರದ ಮಂಜು ಹೆದ್ದಾರಿಯ ಮೇಲೆ ಕವಿದಿದ್ದ ಒಂದು ಬೆಳಿಗ್ಗೆ ಲಾರಿ ಉರುಳಿತು. ಜನ ಹೋಗಿ ನೋಡುವಷ್ಟರಲ್ಲಿ ಐಸೆಲ್ಲ ಕರಗಿ ಮರಳಿಗೆ ಇಳಿದಿತ್ತಂತೆ. ಮಾರ್ಲೆನಿ ಅಳಲಿಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದವಳು ಮತ್ತೆ ಚರಿತ್ರೆ ಕಲಿಸಲು ಹೋದಳು. ಹೊತ್ತಿಗೆ ಸರಿಯಾಗಿ ಉಂಡಳು, ಬಟ್ಟೆ ಒಗೆದಳು, ಗೋಡೆಗೆ ಮುಖ ಮಾಡಿ ಮಲಗಿದಳು. ಮಗಳ ಹಣೆ ಎಲ್ಮೆರನದೇ ಹಣೆ, ಅದೇ ಅಗಲ, ಅದೇ ಸುಳಿ. ಅದನ್ನು ಹತ್ತಿರದಿಂದ ನೋಡಲು ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ಮಗು ಬೇರೆ ಮಂಚದಲ್ಲಿ ಸೆನೀಸಾಳನ್ನು ತಬ್ಬಿಕೊಂಡು ಮಲಗಿತು.

ಕಟ್ಟಳೆಗೆ ತಕ್ಕಂತೆ ಮಾರ್ಲೆನಿ ನಾಯಿಯ ಅಂಗಿಗೂ ಕೈ ಹಾಕಿದಳು. ಎಲ್ಮೆರನ ಕಂದು ಸ್ವೆಟರನ್ನು ಬಿಚ್ಚಿ ಉಂಡೆ ಸುತ್ತಿದಳು. ಒಂದು ಗೇಣು ಹೆಣೆಯುವಷ್ಟರಲ್ಲಿ ಕೈ ನಿಂತುಹೋಯಿತು. ಸೂಜಿ, ಉಂಡೆ ಎಲ್ಲ ಸೇರಿ ಬೀರುವಿನ ಮೇಲೆ ಕೂತವು.

ಸೆನೀಸಾ ಬಂದ ಮೇಲೆ ಮಗುವಿನ ಎದೆ ಸ್ವಲ್ಪ ಹಗುರಾಯಿತು. ಹಗಲೆಲ್ಲ ಇಬ್ಬರೂ ಹಿತ್ತಿಲಲ್ಲೇ. ಅಲ್ಲಿ ಅಲ್ಗರೋಬೊ ಮರದ ಕೆಳಗೆ ತಂಪಾದ ಮರಳು. ಯಾಮಿಲೆ ಅಲ್ಲಿ ಬೇಕರಿ ಇಟ್ಟಳು. ಒದ್ದೆ ಮರಳು ತಟ್ಟಿ ಬ್ರೆಡ್ಡು ಮಾಡುವುದು, ಬೆರಳು ನೆಕ್ಕಿ "ಉಪ್ಪು ಕಮ್ಮಿ" ಎನ್ನುವುದು. ಗಿರಾಕಿ ಸೆನೀಸಾ. ಅದು ಬ್ರೆಡ್ಡಿನ ಪಕ್ಕದಲ್ಲೇ ಕೂತು ತನ್ನ ಕೆಲಸ ಮುಗಿಸಿ, ಮಣ್ಣು ಕೆರೆದು ಮುಚ್ಚಿ, ಮತ್ತೆ ಅಂಗಡಿಗೆ ಬರುತ್ತಿತ್ತು.

ವಸಂತಕ್ಕೆ ಕೆಮ್ಮು ತಿರುಗಿ ಬಂತು. ಈ ಸಲ ಮೈ ಬೆಚ್ಚಗೆ, ಹೊಟ್ಟೆಯ ಬಲಗಡೆ ನೋವು, ಅನ್ನ ಕಂಡರೆ ಮುಖ ತಿರುಗಿಸುವುದು. ಆರೋಗ್ಯ ಕೇಂದ್ರದಲ್ಲಿ ಕೆಮ್ಮಿನ ಸಿರಪ್ಪು ಕೊಟ್ಟು ಕಳಿಸಿದರು. ಎರ್ಮೆಲಿಂದಾ ತನ್ನದೇ ತೀರ್ಮಾನಕ್ಕೆ ಬಂದಳು.

"ಹಗಲಲ್ಲೂ ಎದೆ ಮೇಲೆ ಹಾಕ್ಕೊಂಡಿರ್ಲಿ. ರಾತ್ರಿ ಮಾತ್ರ ಅಂದ್ರೆ ಎಲ್ಲಿ ಸಾಕಾಗುತ್ತೆ? ಕ್ರಿಸಂತಾಗೆ ಹೇಳಿ ಬಂದಿದೀನಿ, ನಾಯಿ ಈಗಲೇ ವಾಪಸ್ ಬರಲ್ಲ ಅಂತ."

"ಹೂಂ," ಎಂದಳು ಮಾರ್ಲೆನಿ.

ಬೇಸಿಗೆಯಲ್ಲಿ ಜ್ವರ ತಾನಾಗಿಯೇ ಬಿಟ್ಟಿತು. ಮಗು ಮತ್ತೆ ಉಣ್ಣತೊಡಗಿತು. ಎಲ್ಲ ಸರಿಹೋಯಿತು ಎಂದುಕೊಂಡಾಗ, ಒಂದು ಭಾನುವಾರ ಮೂವರೂ ಬಂದರುಕಟ್ಟೆಗೆ ಹೋದರು. ಯಾಮಿಲೆ ಬಣ್ಣದ ಕಾಗದವನ್ನು ಸುರುಳಿ ಸುತ್ತಿ ದುರ್ಬೀನು ಮಾಡಿಕೊಂಡಿದ್ದಳು. ಕಂಬದ ಮೇಲೆ ಕೂತ ಪೆಲಿಕನ್‌ಗಳನ್ನು ಅದರಲ್ಲಿ ಬಲಗಣ್ಣಿನಿಂದ ನೋಡಿ, ಒಂದೊಂದಕ್ಕೂ ಬೀದಿಯವರ ಹೆಸರಿಟ್ಟಳು. ದೊಡ್ಡ ಗಲ್ಲದ್ದು ಕ್ರಿಸಂತಾ. ಎರ್ಮೆಲಿಂದಾ ನಕ್ಕು ನಕ್ಕು ಸಾಕಾಗಿ, "ಆ ಕಣ್ಣು ಸುಸ್ತಾಯ್ತು, ಈ ಕಣ್ಣಲ್ಲಿ ನೋಡು, ನಾನ್ಯಾವುದು ಹೇಳು," ಎಂದು ಅವಳ ಬಲಗಣ್ಣು ಮುಚ್ಚಿ ಸುರುಳಿಯನ್ನು ಎಡಗಣ್ಣಿಗೆ ಹಿಡಿದಳು.

ಮಗು ಸುರುಳಿಯನ್ನು ಅತ್ತಿತ್ತ ತಿರುಗಿಸಿತು.

"ಎಲ್ಲ ಹಾರಿಹೋದ್ವು," ಎಂದಿತು.

ಪೆಲಿಕನ್‌ಗಳು ಕೂತಲ್ಲೇ ಕೂತಿದ್ದವು. ಮಾರ್ಲೆನಿ ಬಗ್ಗಿ, ಎಷ್ಟೋ ತಿಂಗಳ ಮೇಲೆ ಮೊದಲ ಬಾರಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದಳು. ಎಡಗಣ್ಣಿನ ಪಾಪೆಯೊಳಗೆ, ಬಾವಿಯ ತಳದಲ್ಲಿ ಬಿದ್ದ ಹಾಲಿನ ಹನಿಯ ಹಾಗೆ, ಬೆಳ್ಳಗೆ ಏನೋ ಇತ್ತು.

*

ತ್ರುಹೀಯೊ ನಗರದ ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕವಳು ಡಾಕ್ಟರ್ ಗಾಲ್ವೆಸ್. ಬೆಟ್ಟದ ಮೇಲಿನ ಊರಿನವಳು, ಕರಾವಳಿಗೆ ಹೊಸಬಳು. ಮೆಲ್ಲಗೆ ಮಾತಾಡುತ್ತಿದ್ದಳು. ಕಣ್ಣಿಗೆ ಹನಿ ಹಾಕಿ, ಸ್ವಲ್ಪ ಹೊತ್ತು ಕೂರಿಸಿ, ದೀಪ ಬಿಟ್ಟು ಬಹಳ ಹೊತ್ತು ನೋಡಿದಳು. ಯಂತ್ರದಲ್ಲಿ ಚಿತ್ರ ತೆಗೆಸಿದಳು. ಆಮೇಲೆ ಪ್ರಶ್ನೆಗಳು. ಮನೆಯಲ್ಲಿ ಯಾರಿಗಾದರೂ ಕಣ್ಣಿನ ಕಾಯಿಲೆ ಇತ್ತೇ, ಮಗು ಎಲ್ಲಾದರೂ ಬಿದ್ದಿತ್ತೇ, ಕಣ್ಣಿಗೆ ಏನಾದರೂ ಚುಚ್ಚಿತ್ತೇ.

"ಮನೇಲಿ ನಾಯಿ, ಬೆಕ್ಕು ಸಾಕಿದೀರಾ?"

"ಇಲ್ಲ," ಎಂದಳು ಮಾರ್ಲೆನಿ.

"ಏನಿಲ್ಲ ಡಾಕ್ಟ್ರೇ," ಎಂದಳು ಎರ್ಮೆಲಿಂದಾ. "ಎರಡು ಕೋಳಿ ಇದ್ವು, ಅವನ್ನೂ ತಿಂದಾಯ್ತು."

ಇಬ್ಬರೂ ಸುಳ್ಳು ಹೇಳಲಿಲ್ಲ. ಆ ಮನೆಯವರು ನಾಯಿ ಸಾಕಿದವರಲ್ಲ.

ಡಾಕ್ಟರ್ ಮಗುವನ್ನು ನರ್ಸ್ ಜೊತೆ ಹೊರಗೆ ಕಳಿಸಿದಳು. ಕಣ್ಣಿನ ಹಿಂದೆ ಬಿಳಿಯ ಗಂಟಿದೆ ಎಂದಳು. ಮಕ್ಕಳ ಕಣ್ಣಲ್ಲಿ ಹೀಗೆ ಕಂಡರೆ ಮೊದಲು ಹೆದರಬೇಕಾದ್ದು ಕ್ಯಾನ್ಸರಿಗೆ. ಸಾಮಾನ್ಯವಾಗಿ ಇನ್ನೂ ಚಿಕ್ಕ ಮಕ್ಕಳಿಗೆ ಬರುತ್ತದೆ, ಆದರೆ ಈ ವಯಸ್ಸಿಗೆ ಬರುವುದಿಲ್ಲ ಎನ್ನುವಂತಿಲ್ಲ. ಸೂಜಿ ಹಾಕಿ ತುಣುಕು ತೆಗೆದು ನೋಡೋಣವೆಂದರೆ, ಕ್ಯಾನ್ಸರೇ ಆಗಿದ್ದರೆ ಆ ದಾರಿಯಲ್ಲೇ ಹೊರಗೆ ಹರಡಿಬಿಡುತ್ತದೆ.

"ನಾವು ಮೂರ್ನಾಲ್ಕು ಜನ ಡಾಕ್ಟರು ಕೂತು ನೋಡ್ತೀವಿ, ಸೆನ್ಯೋರಾ. ಆದ್ರೆ ನೀವು ಮನಸ್ಸು ಗಟ್ಟಿ ಮಾಡ್ಕೋಬೇಕು. ಜೀವ ಉಳಿಯೋಕೆ ಆ ಕಣ್ಣು ತೆಗೀಬೇಕಾಗಬಹುದು."

ಎರ್ಮೆಲಿಂದಾ ಕುರ್ಚಿಯ ತೋಳನ್ನು ಹಿಡಿದುಕೊಂಡಳು. ಮಾರ್ಲೆನಿ ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಣ್ಣಿನ ಮಾದರಿಯನ್ನು ನೋಡುತ್ತ ಕೂತಳು. ಅದರ ಅರ್ಧ ಭಾಗ ಡಬ್ಬಿಯ ಮುಚ್ಚಳದಂತೆ ಬಿಚ್ಚಿಕೊಂಡಿತ್ತು.

"ಹೂಂ," ಎಂದಳು.

ತೆಗೆಯುವುದೇ ಎಂದು ನಿಶ್ಚಯವಾಯಿತು. ಕರೆದ ದಿನ ಬೆಳಿಗ್ಗೆ ಮೂವರೂ ಮೊದಲ ಬಸ್ಸು ಹಿಡಿದರು. ಬೀದಿಯವರು ಯಾರೂ ಹೊರಗೆ ಬರಲಿಲ್ಲ. ಕಿಟಕಿಯ ಪರದೆಗಳು ಮಾತ್ರ ಅಲುಗಿದವು. ಕ್ರಿಸಂತಾ ಒಬ್ಬಳೇ ಬಾಗಿಲಲ್ಲಿ ನಿಂತು, "ಸೆನೀಸಾಗೆ ನಾನು ಊಟ ಹಾಕ್ತೀನಿ, ನೀವು ಹೋಗ್ಬನ್ನಿ," ಎಂದಳು.

ವಾರ್ಡಿನಲ್ಲಿ ಮಗುವಿಗೆ ಹಿಂದೆ ದಾರ ಕಟ್ಟುವ ಹಸಿರು ಅಂಗಿ ತೊಡಿಸಿದರು. ಅರಿವಳಿಕೆ ಕೊಡುವ ಮುಂಚೆ ಕೇಳುವುದನ್ನೆಲ್ಲ ಕೇಳಲು ಡಾಕ್ಟರ್ ಗಾಲ್ವೆಸ್ ತಾನೇ ಬಂದು ಮಂಚದ ತುದಿಗೆ ಕೂತಳು.

"ರಾತ್ರಿಯಿಂದ ಏನಾದ್ರೂ ತಿಂದಿದಾಳಾ?"

"ಇಲ್ಲ."

"ಯಾವುದಾದ್ರೂ ಔಷಧಿ ಒಗ್ಗಲ್ವಾ?"

"ಹಾಗೇನಿಲ್ಲ."

"ದಿನಾ ಏನಾದ್ರೂ ಔಷಧಿ ತಗೊಳ್ತಾಳಾ?"

"ಇಲ್ಲ," ಎಂದಳು ಮಾರ್ಲೆನಿ.

"ತಗೋತೀನಲ್ಲ," ಎಂದಳು ಯಾಮಿಲೆ. "ಸೆನೀಸಾ."

ಡಾಕ್ಟರ ಪೆನ್ನು ನಿಂತಿತು. "ಅದೇನು ಪುಟ್ಟಿ? ಸಿರಪ್ಪಾ, ಮಾತ್ರೆನಾ?"

ಮಗು ಯೋಚಿಸಿತು. "ದಪ್ಪಗಿದೆ."

"ಯಾವಾಗ ತಗೊಳ್ತೀಯಾ?"

"ಮಲಗೋವಾಗ. ಇಲ್ಲಿ, ಎದೆ ಮೇಲೆ. ಕನಸು ಬಿದ್ರೆ ಒದೆಯುತ್ತೆ."

ಪಕ್ಕದಲ್ಲಿ ನಿಂತಿದ್ದ ನರ್ಸ್ ಕಿಸಕ್ಕನೆ ನಕ್ಕಳು. ಡಾಕ್ಟರ್ ನಗಲಿಲ್ಲ. "ಸೆನ್ಯೋರಾ, ಒದೆಯೋ ಔಷಧಿ ಯಾವುದು?"

"ವಿರಿಂಗೊ ಡಾಕ್ಟ್ರೇ. ಕೂದಲಿಲ್ಲದ ನಾಯಿ. ಎದೆ ಬೆಚ್ಚಗಿರ್ಲಿ ಅಂತ..." ಎಂದಳು ಮಾರ್ಲೆನಿ.

"ನಾಯಿ ಇಲ್ಲ ಅಂದಿದ್ರಿ."

ಎರ್ಮೆಲಿಂದಾ ಮುಂದೆ ಬಂದಳು. "ನಾಯಿ ನಮ್ಮದಲ್ಲ ಡಾಕ್ಟ್ರೇ. ಕ್ರಿಸಂತಾಂದು. ನಾವು ಎರವಲು ತಂದಿದ್ದು. ಪಕ್ಕದ ಮನೆ ಏಣಿ ನಮ್ಮ ಗೋಡೆಗೆ ಒರಗಿಸಿಟ್ರೆ ಅದು ನಮ್ಮ ಏಣಿ ಆಗ್ಬಿಡುತ್ತಾ?"

"ಎಷ್ಟು ದಿನದಿಂದ ಇದೆ ಈ ಏಣಿ?"

"ಹೋದ ಚಳಿಗಾಲದಿಂದ."

"ತಂದಾಗ ಎಷ್ಟು ದೊಡ್ಡದಿತ್ತು?"

ಎರ್ಮೆಲಿಂದಾ ಅಂಗೈ ಚಾಚಿ ತೋರಿಸಿದಳು.

"ಎಲ್ಲಿ ಹೇಲುತ್ತೆ?"

"ಹಿತ್ತಿಲಲ್ಲಿ. ಮರಳಿದೆ ಅಲ್ಲಿ, ಕೆರೆದು ಮುಚ್ಚುತ್ತೆ. ತುಂಬಾ ಶುದ್ಧ ಡಾಕ್ಟ್ರೇ ಅದು, ಒಂದು ಚಿಗಟ ಇಲ್ಲ, ಒಂದು ಉಣುಗು ಇಲ್ಲ—"

"ಇವಳು ಎಲ್ಲಿ ಆಡ್ತಾಳೆ?"

ಎರ್ಮೆಲಿಂದಾ ಮೊಮ್ಮಗಳ ಕಡೆ ತಿರುಗಿದಳು.

"ನನ್ನ ಬೇಕರಿ ಅಲ್ಲೇ ಇದೆ," ಎಂದಳು ಯಾಮಿಲೆ.

ಡಾಕ್ಟರ್ ಎದ್ದು ಹೋದಳು. ಯಂತ್ರದ ಚಿತ್ರಗಳನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಕ್ಯಾನ್ಸರಿನ ಗಂಟಿನಲ್ಲಿ ಹೆಚ್ಚಾಗಿ ಸುಣ್ಣದ ಕಾಳುಗಳು ಕಾಣುತ್ತವಂತೆ. ಇದರಲ್ಲಿ ಇರಲಿಲ್ಲ. ಇಲ್ಲದಿದ್ದುದು ಅವಳಿಗೆ ಮೊದಲೇ ಗೊತ್ತಿತ್ತು, ಆದರೆ ಅಷ್ಟನ್ನೇ ನಂಬಿ ಕೂರುವ ಧೈರ್ಯ ಯಾವ ಡಾಕ್ಟರಿಗೂ ಇರಲಿಲ್ಲ. ಈಗ ಮಂಚದ ಬಳಿ ಬಂದು, ಅತ್ತೆ ಸೊಸೆ ಇಬ್ಬರಿಗೂ ಕೇಳುವಂತೆ ಬಿಡಿಸಿ ಹೇಳಿದಳು.

"ನಾಯಿಮರಿಗಳ ಕರುಳಲ್ಲಿ ದುಂಡುಹುಳ ಇರುತ್ತೆ. ಅದರ ಮೊಟ್ಟೆ ಹೇಲಿನ ಜೊತೆ ಮಣ್ಣಿಗೆ ಬೀಳುತ್ತೆ, ಅಲ್ಲೇ ಕೆಲವು ವಾರ ಬಲಿಯುತ್ತೆ. ಮಣ್ಣಿಂದ ಮಗು ಕೈಗೆ, ಕೈಯಿಂದ ಬಾಯಿಗೆ. ನಾಯಿ ಮೈಯಲ್ಲಾದ್ರೆ ಆ ಮರಿಹುಳಕ್ಕೆ ತನ್ನ ದಾರಿ ಗೊತ್ತು. ಮನುಷ್ಯರ ಮೈಯಲ್ಲಿ ಗೊತ್ತಾಗಲ್ಲ. ದೊಡ್ಡದಾಗೋಕೂ ಆಗಲ್ಲ, ಹೊರಗೆ ಹೋಗೋಕೂ ಆಗಲ್ಲ. ಲಿವರು, ಶ್ವಾಸಕೋಶ ಅಂತ ಅಲೀತಾ ಇರುತ್ತೆ. ಆಗ ಜ್ವರ, ಕೆಮ್ಮು, ಉಬ್ಬಸ. ಅಪರೂಪಕ್ಕೆ ಒಂದು ಕಣ್ಣಿಗೆ ಬಂದು ಅಲ್ಲೇ ಕೂತ್ಕೊಳ್ಳುತ್ತೆ. ಅದರ ಸುತ್ತ ಹೀಗೇ ಬೆಳ್ಳಗೆ ಗಂಟು ಕಟ್ಟುತ್ತೆ."

"ಕೆಮ್ಮು ಹೋಗ್ಲಿ ಅಂತ ನಾಯಿ ತಂದ್ರೆ..." ಎಂದು ಎರ್ಮೆಲಿಂದಾ ಕಣ್ಣೊರೆಸಿಕೊಂಡಳು.

"ಮೊದಲನೇ ಕೆಮ್ಮು ಚಳೀದಿರಬಹುದು ಅಮ್ಮ. ಎರಡನೇದರ ಮೇಲೆ ನನಗೆ ಅನುಮಾನ."

ಮಾರ್ಲೆನಿಗೆ ಆ ಹುಳದ ಮೇಲೆ ಸಿಟ್ಟೂ ಬರಲಿಲ್ಲ. ದಾರಿ ಗೊತ್ತಿಲ್ಲದ ಮೈಯೊಳಗೆ, ಬೆಳೆಯಲೂ ಆಗದೆ ಹೊರಗೆ ಬರಲೂ ಆಗದೆ ಅಲೆಯುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

"ಇವತ್ತು ನಾನು ಆಪರೇಷನ್ ಮಾಡಲ್ಲ," ಎಂದಳು ಡಾಕ್ಟರ್. "ರಕ್ತ ತೆಗೆದು ಲೀಮಾಕ್ಕೆ ಕಳಿಸ್ತೀನಿ. ಆದ್ರೆ ಒಂದು ಮಾತು ಸೆನ್ಯೋರಾ. ಕಾಯೋದ್ರಲ್ಲೂ ಅಪಾಯ ಇದೆ. ನನ್ನ ಅನುಮಾನ ತಪ್ಪಾಗಿ, ಅದು ಕ್ಯಾನ್ಸರೇ ಆಗಿದ್ರೆ, ಕಾದ ದಿನಗಳು ನಮಗೆ ವಾಪಸ್ ಸಿಗಲ್ಲ. ದಿನ ಬಿಟ್ಟು ದಿನ ಕರ್ಕೊಂಡು ಬನ್ನಿ, ನಾನೇ ನೋಡ್ತೀನಿ. ಗಂಟು ಒಂದು ಕೂದಲೆಳೆಯಷ್ಟು ಬೆಳೆದ್ರೂ ಆಮೇಲೆ ಕಾಯಲ್ಲ. ಕಾಯೋಕೆ ನೀವು ಒಪ್ಪಬೇಕು."

ಎರ್ಮೆಲಿಂದಾ ಸೊಸೆಯ ಕಡೆ ನೋಡಿದಳು. ಇಷ್ಟು ದಿನ ಮನೆಯ ತೀರ್ಮಾನವೆಲ್ಲ ಅವಳದೇ ಆಗಿತ್ತು. ಇದು ಅವಳ ಕೈಮೀರಿದ್ದು.

ಮಾರ್ಲೆನಿ "ಹೂಂ" ಎನ್ನಲಿಲ್ಲ. ಮಗಳ ಬೆನ್ನ ಹಿಂದಿನ ಹಸಿರು ದಾರವನ್ನು ಬಿಚ್ಚುತ್ತ, "ಕಾಯೋಣ ಡಾಕ್ಟ್ರೇ. ಕರ್ಕೊಂಡು ಬರ್ತೀನಿ," ಎಂದಳು.

*

ವಿಷಯ ತಿಳಿಯುವ ತನಕ ನಾಯಿಯನ್ನೂ ಮರಳನ್ನೂ ಮಗುವಿನಿಂದ ದೂರವಿಡಬೇಕಿತ್ತು. ಹಳೆಯ ಅಂಗಿಯಲ್ಲಿ ಅದನ್ನು ಹಿಂದಕ್ಕೆ ಕಳಿಸುವಂತೆಯೂ ಇರಲಿಲ್ಲ. ಸೆನೀಸಾಳ ಹಾಸಿಗೆ ಬಟ್ಟೆ ಒಗೆಯುವ ಕಟ್ಟೆಯ ಪಕ್ಕಕ್ಕೆ ಹೋಯಿತು. ಅದು ಒಂದು ದಿನ ಕುಂಯ್‌ಗುಟ್ಟಿ ಸುಮ್ಮನಾಯಿತು. ಯಾಮಿಲೆ ಸುಮ್ಮನಾಗಲಿಲ್ಲ. ಅಪ್ಪನೂ ಹೋದ, ನಾಯಿಯೂ ಹೋಯಿತು, ಇನ್ನು ಕಣ್ಣೂ ಹೋಗುತ್ತದೆ ಎಂದು ಗೋಳೋ ಎಂದು ಅತ್ತಳು. ಅಜ್ಜಿ ಕರೆದರೂ ಅವಳ ಪಕ್ಕಕ್ಕೆ ಹೋಗಲಿಲ್ಲ.

ಮಾರ್ಲೆನಿ ಮಗಳನ್ನು ಎತ್ತಿ ತನ್ನ ಮಂಚಕ್ಕೆ ತಂದು ಎದೆಯ ಮೇಲೆ ಹಾಕಿಕೊಂಡಳು. ಎಷ್ಟು ಭಾರವಾಗಿದ್ದಾಳೆ ಇವಳು! ಯಾವಾಗ ಇಷ್ಟು ಬೆಳೆದಳು? ಎಲ್ಮೆರನ ಹಣೆ ಅವಳ ಗದ್ದಕ್ಕೆ ತಾಗುತ್ತಿತ್ತು.

ಮಗು ಬಿಕ್ಕುತ್ತ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ, "ನೀನು ಬಿಸಿ ಇಲ್ಲ," ಎಂದಿತು.

"ಸ್ವಲ್ಪ ಹೊತ್ತು ಇರು. ಆಗ್ತೀನಿ."

ಆ ವಾರಗಳಲ್ಲಿ ತಾಯಿ ಮಗಳು ಬಸ್ಸಿನಲ್ಲಿ ಕಳೆದ ಹೊತ್ತೇ ಹೆಚ್ಚು. ದಾರಿಯಲ್ಲಿ ಕಬ್ಬಿನ ಗದ್ದೆ ಬಂದಾಗ ಯಾಮಿಲೆ ಬಲಗಣ್ಣು ಮುಚ್ಚಿಕೊಂಡು, "ಈಗ ಹಸಿರು ಇದೆ ಅನ್ಸುತ್ತೆ" ಎನ್ನುವಳು. "ಕಂಡಿತಾ?" ಎಂದರೆ "ಇಲ್ಲ, ವಾಸನೆ ಬಂತು" ಎನ್ನುವಳು. ಡಾಕ್ಟರ್ ಗಾಲ್ವೆಸ್ ಪ್ರತಿ ಸಲವೂ ದೀಪ ಬಿಟ್ಟು ಅಳೆದು, "ಅಷ್ಟೇ ಇದೆ" ಎಂದು ಹೇಳಿ ಕಳಿಸುತ್ತಿದ್ದಳು. ಅಷ್ಟೇ ಇದೆ ಎಂಬ ಆ ಎರಡು ಮಾತನ್ನು ಕೇಳಲು ಮಾರ್ಲೆನಿ ಅಷ್ಟು ದೂರ ಹೋಗಿ, ಅದನ್ನೇ ಬಾಯಲ್ಲಿಟ್ಟುಕೊಂಡು ಅಷ್ಟು ದೂರ ಬರುತ್ತಿದ್ದಳು. ಮನೆಯಲ್ಲಿ ಎರ್ಮೆಲಿಂದಾ ಮೇಣದ ಬತ್ತಿ ಹಚ್ಚಿ ಕಾದಿರುತ್ತಿದ್ದಳು. ಯಾವ ಸಂತನನ್ನು ಬೇಡಿದರೆ ಸರಿ ಎಂದು ತಿಳಿಯದೆ ಗೋಡೆಯ ಮೇಲಿದ್ದ ಎಲ್ಲರಿಗೂ ಒಂದೊಂದು ಹಚ್ಚಿದ್ದಳು.

ಫೋನು ಬಂದಾಗ ಮಾರ್ಲೆನಿ ತರಗತಿಯಲ್ಲಿದ್ದಳು. ಕಪ್ಪು ಹಲಗೆಯ ಮೇಲೆ ಅರ್ಧ ಬರೆದಿದ್ದ ವಾಕ್ಯವನ್ನು ಹಾಗೇ ಬಿಟ್ಟು ಹೊರಗೆ ಬಂದಳು.

"ಹುಳ, ಸೆನ್ಯೋರಾ," ಎಂದಳು ಡಾಕ್ಟರ್. "ರಕ್ತದಲ್ಲಿ ಚೆನ್ನಾಗಿ ಗೊತ್ತಾಗ್ತಿದೆ. ಕಣ್ಣು ನೋಡಿದ್ರೂ ಹಾಗೇ ಇದೆ. ಬರೀ ಹುಳ. ಕಣ್ಣು ತೆಗೆಯೋ ಮಾತಿಲ್ಲ. ನಾನು ಆವತ್ತು... ಇನ್ನೊಂದು ಗಂಟೆ ಕಳೆದಿದ್ರೆ ನಾನು ತೆಗೆದುಬಿಟ್ಟಿರ್ತಿದ್ದೆ."

"ನೀವು ಕೇಳಿದ್ರಿ ಡಾಕ್ಟ್ರೇ," ಎಂದಳು ಮಾರ್ಲೆನಿ. "ಔಷಧಿ ಏನು ಅಂತ ಬಿಡದೆ ಕೇಳಿದ್ರಿ." ಇನ್ನೂ ಹೇಳುವುದಿತ್ತು. ಇಬ್ಬರೂ ಫೋನು ಇಡಲಿಲ್ಲ.

ಹುಳಕ್ಕೆ ಮಾತ್ರೆ, ಉರಿಯೂತಕ್ಕೆ ಇನ್ನೊಂದು ಮಾತ್ರೆ, ಕಣ್ಣಿಗೆ ಹನಿ. ಗಂಟು ಒಣಗಿ ಕಲೆಯಾಯಿತು. ಹೋದ ನೋಟವೆಲ್ಲ ಬರುವುದಿಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದಳು. ಎಡಗಣ್ಣಿಗೆ ನಡುವೆ ಮಬ್ಬು. ಅಂಚಿನಲ್ಲಿ ಬೆಳಕು, ಬಣ್ಣ, ಅಲುಗಾಡುವ ಕೈ. ಯಾಮಿಲೆಗೆ ಅಷ್ಟೇ ಒಂದು ಸಂಭ್ರಮವಾಯಿತು. ಬಲಗಣ್ಣು ಮುಚ್ಚಿಕೊಂಡು ಮನೆಯೆಲ್ಲ ಓಡಾಡಿ, "ಅಜ್ಜಿ, ನಿನ್ನ ಮೂಗು ಇಲ್ಲ, ಬರೀ ಕಿವಿ ಇದೆ!" ಎಂದು ಕೂಗುವಳು.

"ಇರ್ಲಿ ಬಿಡು, ಮೂಗು ಮೊದಲೇ ಚೆನ್ನಾಗಿರ್ಲಿಲ್ಲ," ಎನ್ನುವಳು ಎರ್ಮೆಲಿಂದಾ.

*

ಮಾರ್ಲೆನಿ ಬೀರುವಿನ ಮೇಲಿಂದ ಕಂದು ಉಣ್ಣೆಯನ್ನು ಇಳಿಸಿದಳು. ಧೂಳು ಕೊಡವಿ, ನಿಂತಲ್ಲಿಂದಲೇ ಹೆಣೆಯತೊಡಗಿದಳು. ಸೆನೀಸಾ ಈಗ ಮರಿಯಲ್ಲ. ಎಲ್ಮೆರನ ಸ್ವೆಟರಿನ ಉಣ್ಣೆ ಸಾಲದೆ, ಕುತ್ತಿಗೆಗೆ ಯಾಮಿಲೆಯ ಹಳೆಯ ಹಳದಿ ಟೋಪಿಯನ್ನು ಬಿಚ್ಚಿ ಸೇರಿಸಬೇಕಾಯಿತು.

ಅದಕ್ಕೂ ಮೊದಲು ಇಬ್ಬರು ಆಳುಗಳು ಬಂದು ಹಿತ್ತಿಲ ಮರಳನ್ನು ಆಳದಿಂದ ತೆಗೆದು ಹೊತ್ತೊಯ್ದಿದ್ದರು. ಮಾರುಕಟ್ಟೆಯ ಪಶುವೈದ್ಯ ಸೆನೀಸಾಳಿಗೆ ಹುಳದ ಮಾತ್ರೆ ನುಂಗಿಸಿದ್ದ. "ಇದರ ತಾಯಿಗೂ ಹಾಕಿ, ಹೊಸ ಮರಿ ಇದ್ರೆ ಅವಕ್ಕೂ. ಮರಿಗಳಿಗೆ ತಾಯಿ ಹೊಟ್ಟೆಯಿಂದಲೇ ಬರುತ್ತೆ," ಎಂದು ಇನ್ನಷ್ಟು ಮಾತ್ರೆ ಪೊಟ್ಟಣ ಕಟ್ಟಿಕೊಟ್ಟಿದ್ದ.

ಸೋಮವಾರ ಮಧ್ಯಾಹ್ನ ಮಾರ್ಲೆನಿ ನಾಯಿಗೆ ಅಂಗಿ ತೊಡಿಸಿ ಬೀದಿಗಿಳಿದಳು. ಪಕ್ಕದಲ್ಲಿ ಯಾಮಿಲೆ, ಹಿಂದೆ ಎರ್ಮೆಲಿಂದಾ. ಸೋಮವಾರವಾದ್ದರಿಂದ ಎಲ್ಲರ ಒಲೆಯ ಮೇಲೂ ಗೋಧಿ, ಕಾಳು, ಹಂದಿಯ ಚರ್ಮ ಹಾಕಿದ ಶಾಂಬಾರ್ ಕುದಿಯುತ್ತಿತ್ತು. ಹೊಸ ಅಂಗಿ ಕಂಡದ್ದೇ ಜನ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಎದುರುಮನೆಯವಳು ಚಪ್ಪಾಳೆ ತಟ್ಟಿದಳು. "ಅಂತೂ ಹೊಸ ಅಂಗಿ ಬಂತಲ್ಲಪ್ಪಾ! ಈ ನಾಯಿ ನಿಮ್ಮನೇಲೇ ಅಜ್ಜಿ ಆಗುತ್ತೆ ಅಂದ್ಕೊಂಡಿದ್ವಿ!"

ಕ್ರಿಸಂತಾ ಕಣ್ಣು ತುಂಬಿಕೊಂಡು ಬಾಗಿಲು ತೆಗೆದಳು. ಒಳಗೆ ಕರೆದು ಕೂರಿಸಿದಳು. ಅಂಗಿಯನ್ನು ತಿರುವಿ ತಿರುವಿ ನೋಡಿ, "ಎಲ್ಮೆರಂದಲ್ವಾ ಈ ಉಣ್ಣೆ?" ಎಂದಳು. ಆಗ ಮಾರ್ಲೆನಿ ಎಲ್ಲವನ್ನೂ ಹೇಳಿದಳು. ಹುಳ, ಮೊಟ್ಟೆ, ಮರಳು, ಕಣ್ಣು. ತರಗತಿಯಲ್ಲಿ ಪಾಠ ಹೇಳುವ ಹಾಗೆ, ಒಂದಾದ ಮೇಲೊಂದು.

ಕ್ರಿಸಂತಾಳ ಮುಖ ಬಿಗಿಯಿತು. "ನನ್ನ ನಾಯಿಂದ ಅಂತೀಯಾ?"

"ನಿಮ್ಮ ನಾಯಿಂದಾನೇ, ದೊನ್ಯಾ."

"ನಮ್ಮಜ್ಜಿ ಕಾಲದಿಂದ ಈ ಬೀದಿ ಎದೆಗಳನ್ನೆಲ್ಲ ಇವೇ ಕಾಯಿಸಿರೋದು! ನಿನ್ನ ಗಂಡನ್ನೂ ಕಾಯಿಸಿವೆ, ಅವನು ಇಷ್ಟುದ್ದ ಇದ್ದಾಗ. ಕೇಳು ನಿಮ್ಮತ್ತೇನ!"

"ಹೌದು, ಕಾಯಿಸಿವೆ," ಎಂದಳು ಎರ್ಮೆಲಿಂದಾ ನೆಲ ನೋಡುತ್ತ.

"ಮತ್ತೆ? ನನ್ನ ಮನೆ ಬಾಗಿಲಿಗೆ ಬಂದು ಬೈಯೋದೇ ಆಗಿದ್ರೆ ಇದಕ್ಕೆ ಹೊಸ ಅಂಗಿ ಯಾಕೆ ಹಾಕ್ಕೊಂಡು ಬಂದೆ? ಬೀದಿಯೋರೆಲ್ಲ ಚಪ್ಪಾಳೆ ತಟ್ಲಿ, ಆಮೇಲೆ ಒಳಗೆ ಬಂದು ಚುಚ್ಚೋಣ ಅಂತಾನಾ?"

"ಬೈಯೋಕೆ ಬಂದಿಲ್ಲ. ಬೈಯೋದಾಗಿದ್ರೆ ಹೆಣೀತಿರಲಿಲ್ಲ." ಮಾರ್ಲೆನಿ ಮಗಳ ಕಡೆ ನೋಡಿದಳು. ಅವಳು ಹಿತ್ತಿಲ ಬಾಗಿಲ ಕಡೆಗೇ ಕಣ್ಣಿಟ್ಟಿದ್ದಳು. ಮಾರ್ಲೆನಿ ದನಿ ತಗ್ಗಿಸಿದಳು. "ಎಲ್ಮೆರ್ ಹೋದ್ಮೇಲೆ ನಾನು ಇವಳನ್ನ ಮುಟ್ಟಿರ್ಲಿಲ್ಲ, ದೊನ್ಯಾ. ಸ್ನಾನ ಮಾಡಿಸ್ತಿದ್ದೆ, ತಲೆ ಬಾಚ್ತಿದ್ದೆ. ಮುಟ್ಟಿರ್ಲಿಲ್ಲ. ನಿಮ್ಮ ನಾಯಿ ಮುಟ್ತಾ ಇತ್ತು. ಅಷ್ಟು ದಿನ ಇವಳನ್ನ ಯಾರಾದ್ರೂ ತಬ್ಬಿಕೊಂಡಿದ್ರು ಅಂದ್ರೆ ಅದೊಂದೇ. ಹುಳ ಇದ್ದದ್ದು ನಿಜ. ಇದೂ ನಿಜ."

ಕ್ರಿಸಂತಾ ಎದ್ದಳು. ಒಲೆಯ ಮೇಲಿನ ಪಾತ್ರೆಯನ್ನು ಕಲಕಿದಳು, ಕಲಕುವುದು ಬೇಕಿರಲಿಲ್ಲ. ಬೆನ್ನು ಮಾಡಿಯೇ ಕೇಳಿದಳು. "ಮಾತ್ರೆ ಎಲ್ಲಿ?"

ಮಾರ್ಲೆನಿ ಪೊಟ್ಟಣ ಮುಂದಿಟ್ಟಳು.

"ಇದನ್ನ ತಗೊಂಡ್ರೆ ಸಾಯಲ್ವಲ್ಲ?"

"ಸೆನೀಸಾ ತಗೊಂಡಿದಾಳೆ. ನೋಡಿ, ನಿಮ್ಮ ಚಪ್ಪಲಿ ತಿಂತಾ ಇದಾಳೆ."

ಕ್ರಿಸಂತಾ ಚಪ್ಪಲಿಯನ್ನು ಕಿತ್ತುಕೊಂಡಳು. ಪಾತ್ರೆಯಿಂದ ಹಂದಿಯ ಚರ್ಮದ ತುಂಡುಗಳನ್ನು ಆರಿಸಿ, ಊದಿ ಆರಿಸುತ್ತ, ಒಂದೊಂದರೊಳಗೆ ಒಂದೊಂದು ಮಾತ್ರೆ ಸುತ್ತಿದಳು. "ಕಳೆದ ತಿಂಗಳು ಬಂದರಿನ ಹತ್ರದ ಮನೆಗೆ ಒಂದು ಮರಿ ಕೊಟ್ಟಿದೀನಿ. ಅಲ್ಲೂ ಒಂದು ಕೂಸಿದೆ. ನಾಳೆ ನನ್ನ ಜೊತೆ ಬಾ, ನೀನೇ ಹೇಳು. ನಾನು ಹೇಳಿದ್ರೆ ಅಳ್ತೀನಿ." ಆಮೇಲೆ ಹಿತ್ತಿಲ ಬಾಗಿಲು ತೆರೆದಳು. "ತಾಯಿನಾಯಿ ಚರ್ಮ ತಿಂದು ಮಾತ್ರೆ ಉಗುಳೋ ಜಾತಿ. ನಾನು ಬಾಯಿಗಿಡ್ತೀನಿ. ನೀನು ಗಟ್ಟಿಯಾಗಿ ಹಿಡ್ಕೊಂಡು ಕೂರು. ಕಚ್ಚಲ್ಲ, ಒದೆಯುತ್ತೆ."

ಮಾರ್ಲೆನಿ ಅಂಗಳದ ಮೆಟ್ಟಿಲ ಮೇಲೆ ಕೂತಳು. ಒಂದು ವರ್ಷ ಮನೆಯಲ್ಲಿದ್ದ ಸೆನೀಸಾಳನ್ನೂ ಅವಳು ಎಂದೂ ತೊಡೆಯ ಮೇಲೆ ಹಾಕಿಕೊಂಡವಳಲ್ಲ. ಈಗ ದೊಡ್ಡ ನಾಯಿಯನ್ನು ಎದೆಗೆ ಅವುಚಿ ಹಿಡಿದಳು. ಅದು ಒದ್ದಾಡಿತು, ಮಾತ್ರೆ ನುಂಗಿತು, ಆಮೇಲೆ ತನ್ನ ವಂಶದ ಕೆಲಸ ನೆನಪಾದಂತೆ ಸಡಿಲಾಗಿ ಅವಳ ಎದೆಯ ಮೇಲೆ ಒರಗಿತು. ಕಾವು ರವಿಕೆಯ ಬಟ್ಟೆ ದಾಟಿ ಒಳಗೆ ಇಳಿಯಿತು.

ಯಾಮಿಲೆ ಹೊಸ್ತಿಲ ಮೇಲೆ ನಿಂತು ಕೇಳಿದಳು. "ದೊನ್ಯಾ, ನಂಗೆ ಮತ್ತೆ ಉಬ್ಬಸ ಬಂದ್ರೆ ಸೆನೀಸಾನ ಕೊಡ್ತೀರಾ?"

"ಬಾಯಿ ಮುಚ್ಚೇ! ಬೇಕಾದ್ರೆ ಉಬ್ಬಸ ಇಲ್ಲದೇನೇ ಬಾ. ಬಂದು ಆಡು, ಹೋಗೋವಾಗ ಸೋಪು ಹಾಕಿ ಕೈ ತೊಳ್ಕೊ. ನಿಮ್ಮಜ್ಜಿಗೂ ತೊಳ್ಕೊಳ್ಳೋಕೆ ಹೇಳು." ಕ್ರಿಸಂತಾ ಬಟ್ಟಲುಗಳಿಗೆ ಶಾಂಬಾರ್ ಬಡಿಸುತ್ತ ತಿರುಗಿದಳು. "ಮಾರ್ಲೆನಿ, ಬಿಡು ಅದನ್ನ, ನುಂಗಿ ಆಯ್ತಲ್ಲ. ಊಟ ಆರ್ತಾ ಇದೆ."

"ಬಂದೆ ದೊನ್ಯಾ," ಎಂದಳು ಮಾರ್ಲೆನಿ.

ನಾಯಿಯನ್ನು ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.